ಸರಕು ಹಡಗಿನ ಬಾಗಿಲು

ನಮ್ಮೂರಲ್ಲಿ ಮನೆ ಕಟ್ಟುವುದಿಲ್ಲ, ಬಿಡುತ್ತಾರೆ. ಮೊಳದುದ್ದದ ಒಂದು ಹಡಗಿನ ಮಾದರಿ ಮಾಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆರೆಯ ನೀರಿಗೆ ಬಿಟ್ಟು, ಹಿಂದೆ ತಿರುಗಿ ನೋಡದೆ ಬಂದು ಉಂಡು ಮಲಗಿದರೆ ಬೆಳಗ್ಗೆ ಅದು ಬೆಳೆದು ನಿಂತಿರುತ್ತದೆ. ಎಷ್ಟು ಬೆಳೆಯಬೇಕೆಂಬುದಕ್ಕೂ ಲೆಕ್ಕವಿದೆ. ಮಾದರಿಯ ಡೆಕ್ಕಿನ ಮೇಲೆ ಮಣ್ಣಿನದೊಂದು ಗೊಂಬೆ ನಿಲ್ಲಿಸುತ್ತೇವೆ. ಗೊಂಬೆ ಆಳೆತ್ತರ ಆಗುವವರೆಗೆ ಹಡಗೂ ಬೆಳೆಯುತ್ತದೆ, ಆಮೇಲೆ ನಿಲ್ಲುತ್ತದೆ. ಹೀಗಾಗಿ ಊರಿನ ಪ್ರತಿ ಹಡಗಿನ ಮೇಲೂ ಅದನ್ನು ಮಾಡಿದ ಹಿರಿಯನ ಪ್ರತಿಮೆಯೊಂದು ಸೆಟೆದು ನಿಂತಿರುತ್ತದೆ. ಮೊದಲ ವರ್ಷ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಎರಡನೇ ವರ್ಷದಿಂದ ಟವೆಲ್ ಒಣಹಾಕುತ್ತಾರೆ. ದಂಡೆಯ ಮೇಲೆ ಅಂಗಡಿ, ಹಿಟ್ಟಿನ ಗಿರಣಿ, ವಾಚನಾಲಯ ಎಲ್ಲ ನಿಲ್ಲುತ್ತವೆ, ಒಲೆ ಹಚ್ಚುವ ಮನೆ ಮಾತ್ರ ನಿಲ್ಲುವುದಿಲ್ಲ. ಸಮುದ್ರ ಯಾವ ದಿಕ್ಕಿಗಿದೆಯೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕೇಳುವ ಅಗತ್ಯವೂ ಬಿದ್ದಿಲ್ಲ.

ಕಷ್ಟವಿರುವುದು ಬೆಳೆಯುವುದರಲ್ಲಲ್ಲ, ಮರೆಯುವುದರಲ್ಲಿ. ಮಾದರಿಯಲ್ಲಿ ಇದ್ದದ್ದು ಹಡಗಿನಲ್ಲಿ ಇರುತ್ತದೆ, ಇಲ್ಲದ್ದು ಇರುವುದಿಲ್ಲ. ಆಮೇಲೆ ಸೇರಿಸುತ್ತೇನೆಂದರೆ ಕೆರೆ ಒಪ್ಪುವುದಿಲ್ಲ. ಹಗಲು ಹೊಡೆದ ಮೊಳೆ ಮರುದಿನ ಬೆಳಗಾಗುವುದರೊಳಗೆ ಉದುರಿರುತ್ತದೆ. ಇನ್ನೊಂದು ಬಿಡುತ್ತೇನೆಂದರೆ ಅದೂ ಆಗದು, ಒಂದು ಒಲೆಗೆ ತಲೆಮಾರಿಗೊಂದೇ ಸಲ. ನಮ್ಮ ಪಕ್ಕದ ಅಂದಾನೆಪ್ಪನ ಅಪ್ಪ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿದ್ದ ಚಿತ್ರ ನೋಡಿಕೊಂಡು ಮಾದರಿ ಮಾಡಿದ್ದ. ಚಿತ್ರದಲ್ಲಿ ಹಡಗಿನ ಎಡಮಗ್ಗುಲು ಮಾತ್ರ ಕಾಣುತ್ತಿತ್ತು. ಪ್ರಾಮಾಣಿಕ ಮನುಷ್ಯ, ಕಾಣದ್ದನ್ನು ಮಾಡಲಿಲ್ಲ. ಆ ಮನೆಗೆ ಎಡಗಡೆ ಕಿಟಕಿ, ಕಟಕಟೆ, ಬಾವುಟ ಎಲ್ಲ ಇವೆ, ಬಲಗಡೆ ಒಂದು ತೂತೂ ಇಲ್ಲದ ಬೋಳು ಗೋಡೆ. ಹೆಣ್ಣು ನೋಡಲು ಬರುವವರನ್ನು ಅವರು ದೋಣಿಯಲ್ಲಿ ಸುತ್ತುಹಾಕಿಸಿ ಎಡಗಡೆಯಿಂದಲೇ ಕರೆತರುತ್ತಾರೆ.

ನಮ್ಮ ಅಜ್ಜನಿಗೆ ಆ ಪ್ರಾಮಾಣಿಕತೆಯೂ ಇರಲಿಲ್ಲ. ಅವಸರದ ಆಸಾಮಿ, ಮಾದರಿಯ ಒಳಗೆ ಗೋಡೆ ನಿಲ್ಲಿಸುವ ತಾಳ್ಮೆ ಎಲ್ಲಿಂದ ಬರಬೇಕು? ಹಡಗು ಬೆಳೆದಾಗ ಅದು ಈ ತುದಿಯಿಂದ ಆ ತುದಿಗೆ ಒಂದೇ ಪಡಸಾಲೆ. ಕೋಣೆಯಿಲ್ಲ, ಬಾಗಿಲಿಲ್ಲ, ಹತ್ತಿ ಬರುವಲ್ಲಿ ಕೂಡ ಬರೀ ಒಂದು ಕಂಡಿ. ಅಪ್ಪ ತನ್ನ ಸರದಿಯನ್ನು ‘ನೋಡೂಣು’ ಎನ್ನುತ್ತಲೇ ಕಳೆದುಬಿಟ್ಟ. ನನ್ನ ಹೆಂಡತಿ ನೀಲವ್ವ ಮದುಮಗಳಾಗಿ ಕಾಲಿಟ್ಟದ್ದು ಈ ಪಡಸಾಲೆಗೆ. ಅತ್ತೆ, ಮಾವ, ಇಬ್ಬರು ಮೈದುನರು, ಒಂದು ಒಲೆ. ಹಗ್ಗ ಕಟ್ಟಿ ಸೀರೆ ಇಳಿಬಿಟ್ಟು ಅದನ್ನೇ ಗೋಡೆ ಎಂದುಕೊಂಡೆವು. ಗಾಳಿ ಬೀಸಿದಾಗಲೆಲ್ಲ ನಮ್ಮ ಸಂಸಾರ ಬಯಲಾಗುತ್ತಿತ್ತು. ಈಗ ಹಿರಿಯರು ಹೋಗಿದ್ದಾರೆ, ತಮ್ಮಂದಿರು ಬೇರೆ ಒಲೆ ಹೂಡಿ ತಮ್ಮ ಹಡಗು ಬಿಟ್ಟುಕೊಂಡಿದ್ದಾರೆ, ಉಳಿದವರು ನಾವಿಬ್ಬರೇ. ಆದರೂ ಬಾಗಿಲಿಲ್ಲದ ಮನೆ ಖಾಲಿ ಇರುವುದಿಲ್ಲ. ಸಕ್ಕರೆ ಕೇಳುವವರು, ಸುದ್ದಿ ಹೇಳುವವರು, ಅಂದಾನೆಪ್ಪನ ಕೋಳಿಗಳು, ಎಲ್ಲರೂ ನೇರ ಒಳಗೆ ಬಂದು ಆಮೇಲೆ ಬಂದೆವೆಂದು ತಿಳಿಸುತ್ತಾರೆ.

ಈ ಬೇಸಿಗೆಯಲ್ಲಿ ಹಡಗಿನ ತಳ ಮೆತ್ತಗಾಯಿತು. ಒಲೆಯ ಸುತ್ತ ಪಾದ ಮುಳುಗುವಷ್ಟು ನೀರು ನಿಂತು, ನೀಲವ್ವ ಬೆಂಚಿನ ಮೇಲೆ ನಿಂತು ರೊಟ್ಟಿ ಬಡಿಯುವ ಹಂತ ಬಂದಾಗ ನನ್ನ ನೆಪಗಳೂ ತೀರಿದವು.

“ಏನರ ಮಾಡ್ರಿ, ಹೆಂಗರ ಮಾಡ್ರಿ,” ಎಂದಳು ಅವಳು. “ನನಗೊಂದು ಖೋಲಿ ಬೇಕು. ಅದಕ್ಕೊಂದು ಬಾಗಿಲಾ. ಒಳಗಿಂದ ಚಿಲಕಾ. ಇಷ್ಟ.”

“ಖೋಲ್ಯಾಗ ಏನ್ ಮಾಡ್ತಿ?”

“ಕುಂದರ್ತೀನಿ.”

“ಕುಂತು? ಅಳಾಕೇನು?”

“ಅಳಾಕ ಖೋಲಿ ಯಾಕ ಬೇಕ್ರಿ, ಒಲಿ ಮುಂದ ಹೊಗಿ ಐತಲ್ಲ. ಸುಮ್ನ ಕುಂದರಾಕ.”

ಬೇರೆ ಯಾರಾದರೂ ಆಗಿದ್ದರೆ ಒಂದು ಹಲಗೆ ತೆಗೆದುಕೊಂಡು ಕೂತು ಒಂದು ಕೋಣೆ, ಒಂದು ಬಾಗಿಲಿನ ಪುಟ್ಟ ದೋಣಿ ಮಾಡಿ ಬಿಡುತ್ತಿದ್ದರು. ಆದರೆ ನಾನು ಓದಿದವನು. ದಂಡೆಯ ವಾಚನಾಲಯದ ಮೇಲ್ವಿಚಾರಕ, ಅಂದರೆ ಬೇರೆಯವರು ಓದುವುದಕ್ಕಿಂತ ಮೊದಲು ಪತ್ರಿಕೆ ಓದುವ ಹಕ್ಕುಳ್ಳವನು. ಅಲ್ಲಿಗೆ ಬಂದ ವಾರಪತ್ರಿಕೆಯೊಂದರ ನಡುಪುಟದಲ್ಲಿ ಒಂದು ಹಡಗಿನ ಚಿತ್ರ ನೋಡಿದ್ದೆ. ಇಂದಿನ ಕಾಲದ ಸರಕು ಹಡಗು. ಹಾಯಿಯಿಲ್ಲ, ಹಾಯಿ ಕಟ್ಟುವ ಕೂವೆಮರವಿಲ್ಲ, ಮೂತಿಗೆ ಕಿನ್ನರಿಯ ಗೊಂಬೆಯಿಲ್ಲ. ಬೆನ್ನಿನ ಮೇಲೆ ಬಣ್ಣಬಣ್ಣದ ಕಬ್ಬಿಣದ ಪೆಟ್ಟಿಗೆಗಳು, ಒಂದರ ಮೇಲೊಂದು, ಮನೆಯ ಮೇಲೆ ಮನೆ ಹೇರಿದಂತೆ. ಪ್ರತಿ ಪೆಟ್ಟಿಗೆಗೂ ಜೋಡಿ ಬಾಗಿಲು. ಊರಿನವರೆಲ್ಲ ಅಜ್ಜನ ಕಾಲದ ಹಾಯಿಹಡಗುಗಳಲ್ಲಿ ಹಗ್ಗಕ್ಕೆ ತಲೆ ಬಡಿದುಕೊಳ್ಳುತ್ತ ಓಡಾಡುವಾಗ ನಾನು ಇಂಥದ್ದರ ಮೇಲೆ ನಿಂತಿರುವುದನ್ನು ಕಲ್ಪಿಸಿಕೊಂಡೆ. ಕಲ್ಪನೆಯಲ್ಲಿ ನಾನು ಸ್ವಲ್ಪ ಎತ್ತರವಾಗಿಯೂ ಇದ್ದೆ.

“ಒಂದ್ಯಾಕ ನೀಲಾ,” ಎಂದೆ, “ಇನ್ನೂರು ಖೋಲಿ ಕೊಡ್ತೀನಿ. ಇನ್ನೂರು ಬಾಗಿಲಾ.”

“ನನಗ ಒಂದ ಸಾಕ್ರಿ.”

ಈ ಮಾತು ನನಗೆ ಅವಳ ವಿನಯದಂತೆ ಕೇಳಿಸಿತು.

ಮರುದಿನವೇ ವಾಚನಾಲಯದಲ್ಲಿ ಘೋಷಿಸಿದೆ. ಅಲ್ಲಿದ್ದವನು ಅಂದಾನೆಪ್ಪನೊಬ್ಬನೇ. ಅವನು ಓದಲು ಬಂದವನಲ್ಲ. ಅವನ ಮನೆಯ ಬಲಗಡೆ ಗಾಳಿಯಾಡುವುದಿಲ್ಲವೆಂದು ಫ್ಯಾನಿನ ಕೆಳಗೆ ಕೂರಲು ಬರುತ್ತಾನೆ.

“ಸಾಮಾನ ಹೇರೂ ಹಡಗಿನ್ಯಾಗ ಮನಶ್ಯಾರು ಇರತಾರೇನೋ ಸಂಗಣ್ಣ?” ಎಂದ.

ನಾನು ಜಾಗತಿಕ ವ್ಯಾಪಾರದ ಕುರಿತು ಮಾತಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, ಫ್ಯಾನಿನ ಕಡೆಗೇ ಮುಖ ಮಾಡಿಕೊಂಡು ಹೇಳಿದ: “ಅದೆಲ್ಲ ಖರೇ. ನಕ್ಷಾ ಎಲ್ಲೈತಿ? ನಮ್ಮಪ್ಪನ ಹಂತ್ಯಾಕೂ ಒಂದು ಚಿತ್ರ ಇತ್ತು ನೋಡಪಾ.”

ಅದು ನೇರ ನಾಟಿತು. ಚಿತ್ರ ನಂಬಿದವರ ಗತಿಯನ್ನು ನಾನು ದಿನಾ ನೋಡುತ್ತಿದ್ದೆ. ನನಗೆ ಬೇಕಾದದ್ದು ನಕ್ಷೆ: ಮುಂದಿನಿಂದ, ಹಿಂದಿನಿಂದ, ಮೇಲಿನಿಂದ, ಸೀಳಿ ಒಳಗಿನಿಂದ, ಒಂದು ಬೋಲ್ಟೂ ಬಿಡದಂತೆ.

ಹಸೀನಾಬಿಯ ಕಂಪ್ಯೂಟರ್ ಅಂಗಡಿ ಹಿಟ್ಟಿನ ಗಿರಣಿಗೆ ಅಂಟಿಕೊಂಡಿದೆ. ಗಿರಣಿ ತಿರುಗುವಾಗ ಪರದೆಯ ಮೇಲೆ ಜೋಳದ ಹಿಟ್ಟು ಕೂರುತ್ತದೆ. ಆಕೆ ಸೆರಗಿನಿಂದ ಒರೆಸಿ ಜಗತ್ತನ್ನು ತೋರಿಸುತ್ತಾಳೆ.

“ಏನಂತ ಹೊಡೀಲ್ರಿ ಸಾಹೇಬ್ರ?”

“ಆಧುನಿಕ ಸರಕು ಹಡಗಿನ ಮಾದರಿ ನಿರ್ಮಾಣದ ಸವಿವರ ನಕ್ಷೆಗಳು.”

“ಅಷ್ಟುದ್ದ ಹೊಡದ್ರ ಅದು ಹೆದರತೈತ್ರಿ. ‘ಹಡಗು ನಕ್ಷಾ’ ಅಂತೀನಿ.”

ಬಂದವು. ಜಗತ್ತಿನ ತುಂಬ ಹಡಗಿನ ಮಾದರಿ ಮಾಡುವ ಹುಚ್ಚರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಕೆರೆಯ ಸೌಲಭ್ಯವಿಲ್ಲ, ಮಾಡಿದ್ದನ್ನು ಕಪಾಟಿನ ಮೇಲಿಟ್ಟು ಧೂಳು ಒರೆಸುತ್ತಾರೆ ಅಷ್ಟೇ. ಆದರೆ ಅವರೆಲ್ಲರಿಗೂ ಫಿರಂಗಿ ಬೇಕು. ರಾಜರ ಹಡಗು, ಕಳ್ಳರ ಹಡಗು, ಯುದ್ಧದ ಹಡಗು. ಒಂದೊಂದು ಫಿರಂಗಿಗೂ ಒಂದೊಂದು ಪುಟದ ನಕ್ಷೆ. ಅದಕ್ಕೂ ಹೆಚ್ಚು ಪ್ರೀತಿ ಮುಳುಗಿಹೋದ ಹಡಗುಗಳ ಮೇಲೆ. ಮುಳುಗದೆ, ಗುಂಡು ಹಾರಿಸದೆ, ಅಕ್ಕಿಬೇಳೆ ಹೊತ್ತು ಸುಮ್ಮನೆ ಹೋಗಿ ಬರುವ ಹಡಗನ್ನು ಯಾರೂ ಮುದ್ದಿಸಿರಲಿಲ್ಲ. ‘ಸವಿವರ’ ಎಂದು ಬರೆದಿದ್ದನ್ನು ತೆರೆದರೆ ಒಂದೇ ಮಗ್ಗುಲಿನ ಚಿತ್ರ. ನನಗೆ ಅಂದಾನೆಪ್ಪನ ಅಪ್ಪ ನೆನಪಾಗುತ್ತಿದ್ದ.

ಕೆಲವು ವಾರಗಳಾದ ಮೇಲೆ ಹಸೀನಾಬಿ ಒಂದು ಪುಟ ತೆರೆದಳು. ಎಷ್ಟೋ ವರ್ಷಗಳ ಹಿಂದೆ ಯಾವನೋ ಒಬ್ಬ ಅಲ್ಲಿ ಕೇಳಿದ್ದ: ಇಂದಿನ ಕಂಟೇನರ್ ಹಡಗಿನ ನಕ್ಷೆ ಯಾರ ಬಳಿಯಾದರೂ ಇದೆಯೇ? ಅದರ ಕೆಳಗೆ ಇನ್ನೊಬ್ಬ: ನಾನೂ ಹುಡುಕುತ್ತಿದ್ದೇನೆ. ಅದರ ಕೆಳಗೆ ಮತ್ತೊಬ್ಬ: ಸಿಕ್ಕರೆ ನನಗೂ ತಿಳಿಸಿ. ಹೀಗೆ ಇಳಿಯುತ್ತ ಹೋದರೆ ಬೇರೆ ಬೇರೆ ದೇಶದ, ಬೇರೆ ಬೇರೆ ವಯಸ್ಸಿನ ಗಂಡಸರು ಒಂದೇ ಮಾತು ಹೇಳುತ್ತ ಸಾಲಾಗಿ ನಿಂತಿದ್ದರು. ನನಗೆ ಕಣ್ಣು ಒದ್ದೆಯಾಯಿತು. ಇಷ್ಟು ಜನ ಬಂಧುಗಳಿದ್ದಾರೆಂದು ತಿಳಿದಿರಲಿಲ್ಲ.

“ಪಾಪ, ಇವರಿಗೆ ಯಾರಿಗೂ ಮನಿ ಇಲ್ಲೇನ್ರಿ?” ಎಂದಳು ಹಸೀನಾಬಿ.

ಸಾಲಿನ ಕೊನೆಯಲ್ಲಿ ಒಬ್ಬ ಪುಣ್ಯಾತ್ಮ ಬರೆದಿದ್ದ: ನನ್ನ ಮಾವ ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುತ್ತಿದ್ದರು, ಬಿಡುವಿನಲ್ಲಿ ಮಾದರಿ ಮಾಡುವವರಿಗಾಗಿ ಇವನ್ನು ಬರೆದಿಟ್ಟರು, ಬೇಕಾದವರು ತೆಗೆದುಕೊಳ್ಳಿ. ಹಸೀನಾಬಿ ಹಿಟ್ಟು ಒರೆಸಿದಳು. ಒಂದೊಂದೇ ಹಾಳೆ ತೆರೆದುಕೊಂಡಿತು. ಮೂತಿಯಿಂದ ಬಾಲದವರೆಗೆ ಪಕ್ಕೆಲುಬು ಎಣಿಸುವಂತೆ ಅಡ್ಡ ಸೀಳಿದ ಗೆರೆಗಳು. ಲಂಗರಿನ ಸರಪಳಿಯ ಕೊಂಡಿ, ಏಣಿಯ ಮೆಟ್ಟಿಲು, ಪೆಟ್ಟಿಗೆ ಬಿಗಿಯುವ ಸಲಾಕೆ, ತುಕ್ಕು ಎಲ್ಲಿ ಮೊದಲು ಹಿಡಿಯುತ್ತದೆ ಎನ್ನುವುದೂ ಬಣ್ಣದ ಸೂಚನೆಯಲ್ಲಿತ್ತು. ಮೇಲೆ ಹಿಂಭಾಗದ ಚುಕ್ಕಾಣಿ ಕೋಣೆಯನ್ನಂತೂ ಪ್ರತ್ಯೇಕ ಹಾಳೆಯಲ್ಲಿ, ಕುರ್ಚಿ ಸಮೇತ, ದೊಡ್ಡದಾಗಿ ಬರೆದಿದ್ದರು. ನಾನು ಓದಿದ ಯಾವ ಕಾವ್ಯವೂ ನನ್ನನ್ನು ಇಷ್ಟು ಸುಮ್ಮನಾಗಿಸಿರಲಿಲ್ಲ.

“ಸಾಹೇಬ್ರ, ಉಸರಾಡ್ರಿ,” ಎಂದಳು ಹಸೀನಾಬಿ.

ಹಾಳೆಗಳನ್ನು ಅಂಟಿಸಿದಾಗ ನಕ್ಷೆ ಪಡಸಾಲೆಯ ಅರ್ಧ ಆಯಿತು. ನೆಲದಲ್ಲಿ ನೀರಿತ್ತಾದ್ದರಿಂದ ಸೀರೆಯ ಹಗ್ಗಕ್ಕೇ ನೇತುಹಾಕಿದೆ. ನೀಲವ್ವ ಬಗ್ಗಿ, ಹಡಗಿನ ಹೊಟ್ಟೆಯ ಕೆಳಗೆ ನುಸುಳಿ, ನೀರು ತರಲು ಹೋಗಿ ಬರುತ್ತಿದ್ದಳು. ವಾಚನಾಲಯದ ಬಾಗಿಲಿಗೆ ‘ಪುಸ್ತಕ ಪರಿಶೀಲನೆ ನಡೆದಿದೆ’ ಎಂಬ ಫಲಕ ತೂಗಿಬಿಟ್ಟು ನಾನು ಹಾಲೆಮರ ಕೆತ್ತಲು ಕೂತೆ. ಮಾದರಿ ಎರಡಾಳುದ್ದ; ಊರಲ್ಲಿ ಅಷ್ಟುದ್ದದ್ದನ್ನು ಯಾರೂ ಬಿಟ್ಟಿರಲಿಲ್ಲ. ತಂತಿ ಬಾಗಿಸಿ ಕಟಕಟೆ ಮಾಡಿದೆ, ಸೂಜಿ ಕತ್ತರಿಸಿ ಏಣಿ ಮಾಡಿದೆ. ಡೆಕ್ಕಿನ ಮೇಲೆ ಹೆಬ್ಬೆರಳೆತ್ತರದ ಗೊಂಬೆ ನಿಲ್ಲಿಸಿದೆ, ಕನ್ನಡಕ ಹಾಕಿಸಿದೆ, ಕೈಯಲ್ಲಿ ತೆರೆದ ಪುಸ್ತಕವೊಂದನ್ನೂ ಕೊಟ್ಟೆ.

ಕೋಳಿ ಹುಡುಕುತ್ತ ಬಂದ ಅಂದಾನೆಪ್ಪ ಅದನ್ನು ಬಹಳ ಹೊತ್ತು ನೋಡಿದ. “ಯಾರೋ ಇವ, ರೊಟ್ಟಿ ಹಿಡಕೊಂಡು ನಿಂತವ?”

“ಅದು ಪುಸ್ತಕ.”

“ಹೌದನು? ಪಲ್ಯಾ ಇಲ್ಲಲ್ಲಾ ಅಂತಿದ್ದೆ.”

ಇನ್ನು ಪೆಟ್ಟಿಗೆಗಳು. ನಕ್ಷೆಯ ಅಂಚಿನಲ್ಲಿ ಆ ಮಾವನವರು ಬರೆದಿದ್ದರು: ಪೆಟ್ಟಿಗೆಗಳನ್ನು ಒಳಗೆ ಟೊಳ್ಳಿಲ್ಲದ ಇಡೀ ಮರದ ತುಂಡುಗಳಿಂದ ಮಾಡುವುದು, ಬಾಗಿಲು, ಚಿಲಕ ಇತ್ಯಾದಿಗಳನ್ನು ಬಣ್ಣದಲ್ಲಿ ಬರೆಯುವುದು. ಅದನ್ನು ಕನ್ನಡಕ್ಕೆ ತಿರುಗಿಸಿ ಹೆಂಡತಿಗೆ ಓದಿ ಹೇಳಿದವನೂ ನಾನೇ. ತುಂಡು ಕತ್ತರಿಸಿ ಗುಡ್ಡೆ ಹಾಕಿದೆ. ಕೆಂಪು, ಹಳದಿ, ಬೂದು ಬಳಿದೆ. ನೀಲವ್ವನಿಗೆ ಯಾವ ಬಣ್ಣ ಬೇಕೆಂದು ಕೇಳಿದೆ. ಅವಳು ಎರಡು ದಿನ ಯೋಚಿಸಿ ನವಿಲುಗರಿಯ ಬಣ್ಣ ಎಂದಳು. ಮೊಣಕಾಲು ನೋಯುತ್ತವೆ, ಕೆಳಗಿನ ಸಾಲಿನಲ್ಲೇ ಇರಲಿ ಎಂದಳು. ಮೈಲುತುತ್ತ ಅರೆದು, ಹಸಿರು ಬೆರೆಸಿ, ಆ ಒಂದು ಪೆಟ್ಟಿಗೆಗೆ ನಾನು ಬೇರೆ ಇಪ್ಪತ್ತಕ್ಕೆ ಹಿಡಿಯುವಷ್ಟು ಸಮಯ ಕೊಟ್ಟೆ. ಜೋಡಿ ಬಾಗಿಲು ಬರೆದೆ. ನಡುವಿನ ಸಂದಿಗೆ ಕೂದಲೆಳೆಯಷ್ಟು ಕಪ್ಪು. ಒಳಗಿನ ಚಿಲಕ ಹೊರಗೆ ಕಾಣುವುದಿಲ್ಲವಾದ್ದರಿಂದ ಹೊರಗೇ ಒಂದು ಚಿಲಕ ಬರೆದು, ಅದರ ಮೇಲೆ ಬಿಸಿಲು ಬಿದ್ದು ಹೊಳೆದಂತೆ ಒಂದು ಬಿಳಿ ಚುಕ್ಕೆ ಇಟ್ಟೆ. ಆ ಚುಕ್ಕೆ ಇಟ್ಟಮೇಲೆ ನಾನೇ ಹಿಂದೆ ಸರಿದು ಕೂತು ತಲೆದೂಗಿದೆ.

ನೀಲವ್ವ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಸಂದಿಯ ಮೇಲೆ ಉಗುರು ಆಡಿಸಿದಳು.

“ಇದು ತಗೀತೈತೇನ್ರಿ?”

“ಬಣ್ಣ ಹಸಿ ಐತಿ, ಮುಟ್ಟಬ್ಯಾಡ.”

“ಬಾಗಿಲಾ ತಗೀತೈತೇನಂತ ಕೇಳಿದೆ.”

“ನಕ್ಷಾದಾಗ ಹಿಂಗ ಐತಿ ನೀಲಾ.”

“ನಕ್ಷಾ ಬರದವ್ರು ಇದರಾಗ ಇರತಾರೇನು?”

ಇದಕ್ಕೆ ಇಲ್ಲ ಎಂಬ ಒಂದೇ ಪದದ ಉತ್ತರವಿತ್ತು. ನಾನು ಅದರ ಬದಲು ಉಪನ್ಯಾಸ ಕೊಟ್ಟೆ. ಲೋಕದಲ್ಲಿರುವ ನಿಜವಾದ ಪೆಟ್ಟಿಗೆಗಳ ಬಾಗಿಲು ತೆರೆಯುತ್ತವೆ. ನಮ್ಮದು ಆ ನಿಜದ ತದ್ರೂಪು. ಬೆಳೆಯುವುದೆಂದರೆ ತದ್ರೂಪು ತನ್ನ ನಿಜವನ್ನು ಸೇರುವುದು. ಆದ್ದರಿಂದ ಬೆಳೆದಾಗ ಇದೂ ತೆರೆಯಲೇಬೇಕು. ಮಾದರಿಯಲ್ಲಿ ಇಲ್ಲದ್ದು ಹಡಗಿನಲ್ಲಿ ಇರುವುದಿಲ್ಲವೆಂದು ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ಬರೆದ ಬಾಗಿಲು ಎಷ್ಟು ಚೆನ್ನಾಗಿತ್ತೆಂದರೆ ಅದು ಬಾಗಿಲಲ್ಲವೆಂಬುದು ನನಗೇ ಮರೆತುಹೋಗಿತ್ತು.

“ನೀವು ಓದಿದವ್ರು,” ಎಂದು ನೀಲವ್ವ ಪೆಟ್ಟಿಗೆಯನ್ನು ಕೆಳಗಿಟ್ಟಳು. ಅದು ಹೊಗಳಿಕೆಯೇ ಇರಬೇಕೆಂದು ನಾನು ಸಲಾಕೆಗಳ ಕಡೆ ತಿರುಗಿದೆ.

ಚುಕ್ಕಾಣಿ ಕೋಣೆಯ ಹಾಳೆಯ ಅಂಚಿನಲ್ಲಿ ಮಾತ್ರ ಬೇರೆ ಸೂಚನೆಯಿತ್ತು: ಇಷ್ಟವಿದ್ದವರು ಒಳಗಡೆ ಕೊರೆದು ಪೂರ್ತಿ ಮಾಡಬಹುದು. ನನಗೆ ಇಷ್ಟವಿತ್ತು. ಯಾಕೆಂದರೆ ಆ ಕೋಣೆಯನ್ನು ನಾನು ನನಗೇ ಎಂದು ಇಟ್ಟುಕೊಂಡಿದ್ದೆ. ಓದುವವನಿಗೆ ಏಕಾಂತ ಬೇಕು. ಒಳಗೆಲ್ಲ ಕೊರೆದೆ. ಕುರ್ಚಿ ಮಾಡಿದೆ, ಅದಕ್ಕೆ ಮಖಮಲ್ಲಿನ ದಿಂಬು ಹೊಲಿಸಿದೆ, ಹೊಲಿದವಳು ನೀಲವ್ವ. ಸುತ್ತ ಕಿಟಕಿಗಳಿಗೆ ಅಭ್ರಕ ಕೂರಿಸಿದೆ. ಓದುತ್ತ ತೂಕಡಿಸಿದರೆ ಊರಿಗೆ ಕಾಣಬಾರದೆಂದು ಅದಕ್ಕೆ ಹೊರಗಡೆ ತುಸು ಹೊಗೆ ಹಿಡಿಸಿದೆ. ಪುಸ್ತಕಕ್ಕೊಂದು ಗೂಡು ಮಾಡಿದೆ. ಬಾಗಿಲನ್ನು ತೆಳು ಹಲಗೆಯಲ್ಲಿ ಕತ್ತರಿಸಿ, ತಂತಿಯ ಕೀಲು ಹಾಕಿ, ಹರಿದ ರವಿಕೆಯೊಂದರ ಕೊಕ್ಕೆ ಬಿಚ್ಚಿ ಒಳಗಡೆ ಚಿಲಕ ಕೂರಿಸಿದೆ. ಚಿಮಟದಿಂದ ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದೆ. ಸದ್ದಿಲ್ಲದೆ ಆಡುತ್ತಿತ್ತು.

ಬಿಡುವ ದಿನ ಹೊತ್ತೊಯ್ಯಲು ನಾಲ್ಕು ಜನ ಬೇಕಾದರು. ಅಂದಾನೆಪ್ಪ ಎಡಗಡೆಯನ್ನೇ ಹಿಡಿದ. ಅವನಿಗೆ ಅದೇ ರೂಢಿ. ನೀರಿಗೆ ಬಿಟ್ಟೆವು. ಹಿಂದೆ ತಿರುಗಿ ನೋಡದೆ ಬಂದೆವು. ನೀಲವ್ವ ಮಾತ್ರ ಬರುವಾಗ ಒಂದು ಸಲ ನಿಂತಳು, ಆದರೆ ತಿರುಗಲಿಲ್ಲ.

ಬೆಳಗ್ಗೆ ಊರಿಗೆ ತಡವಾಗಿ ಬೆಳಕಾಯಿತು. ಪೂರ್ವದ ಅರ್ಧ ಆಕಾಶಕ್ಕೆ ನನ್ನ ಹಡಗು ಅಡ್ಡ ನಿಂತಿತ್ತು. ಕೋಳಿಗಳು ಗೊಂದಲದಲ್ಲಿದ್ದವು. ಕೆರೆಯ ನೀರು ಮೇಲೇರಿ ಬಟ್ಟೆ ಒಗೆಯುವ ಕಲ್ಲುಗಳು ಮುಳುಗಿದ್ದವು. ಊರವರೆಲ್ಲ ದೋಣಿಗಳಲ್ಲಿ ಬಂದು ಬಾಯಿಬಿಟ್ಟು ನೋಡುತ್ತಿದ್ದರು. ಅಂದಾನೆಪ್ಪ ತನ್ನ ಕಟಕಟೆ ಹಿಡಿದು, ಬಾವುಟದ ಕೆಳಗೆ, ಕತ್ತಲಲ್ಲಿ ನಿಂತಿದ್ದ.

“ಸಂಗಣ್ಣ,” ಎಂದು ಕೂಗಿದ, “ನನಗಿದ್ದದ್ದ ಒಂದು ಮಗ್ಗಲಾ. ಅದಕ್ಕೂ ನೆರಳ ಹಾಕಿದೆಲ್ಲೋ!”

ಇದಕ್ಕಿಂತ ದೊಡ್ಡ ಸನ್ಮಾನ ನನಗೆ ಜೀವನದಲ್ಲಿ ಆಗಿರಲಿಲ್ಲ. ಏಣಿ ಹತ್ತಿದೆವು. ನೀಲವ್ವನ ಕಂಕುಳಲ್ಲಿ ಒಂದು ಗಂಟು: ಚಾಪೆ, ತಂಬಿಗೆ, ನಾಲ್ಕು ರೊಟ್ಟಿ. ಅವಳು ಗೊಂಬೆಯನ್ನು ನೋಡಲಿಲ್ಲ, ಲಂಗರನ್ನು ನೋಡಲಿಲ್ಲ. ಪೆಟ್ಟಿಗೆಗಳ ಓಣಿಯಲ್ಲಿ ಕೆಂಪು ದಾಟಿ, ಹಳದಿ ದಾಟಿ, ನವಿಲುಗರಿ ಬಣ್ಣದ ಮುಂದೆ ನಿಂತಳು. ಅದು ಈಗ ಅವಳಿಗಿಂತ ಎತ್ತರವಾಗಿತ್ತು. ಗಂಟನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಚಿಲಕಕ್ಕೆ ಕೈ ಹಾಕಿದಳು.

ಕೈ ಜಾರಿತು. ಮತ್ತೆ ಹಾಕಿದಳು. ನುಣ್ಣನೆಯ ಬಣ್ಣದ ಮೇಲೆ ಅವಳ ಬೆರಳುಗಳು ಹಿಡಿಯಲು ಏನನ್ನೋ ಹುಡುಕುತ್ತ ಓಡಾಡಿದವು. ಸೂರ್ಯ ಆ ಕಡೆಗಿದ್ದ, ಓಣಿಯಲ್ಲಿ ನೆರಳಿತ್ತು. ಆದರೂ ಚಿಲಕದ ಮೇಲಿನ ಬಿಸಿಲು ಮಾತ್ರ ಹೊಳೆಯುತ್ತಲೇ ಇತ್ತು. ಅವಳು ಬೆರಳಿನ ಗೆಣ್ಣಿನಿಂದ ಬಡಿದಳು. ನಿಂತ ಮರಕ್ಕೆ ಬಡಿದಂಥ ಸದ್ದು ಬಂತು.

“ಹೊಸದಲ್ಲ, ಬಿಗಿ ಇರತಾವ,” ಎಂದೆ. “ಬಿ-ಬಿಸಲ ಬಿತ್ತಂದ್ರ—”

ನಾನು ಹಳದಿಗೆ ಓಡಿದೆ, ಕೆಂಪಿಗೆ ಓಡಿದೆ, ಏಣಿ ಹತ್ತಿ ಎರಡನೇ ಸಾಲಿನ ಬೂದುಬಣ್ಣದ್ದನ್ನು ಭುಜದಿಂದ ಗುದ್ದಿದೆ. ಎಲ್ಲವೂ ಒಂದಕ್ಕಿಂತ ಒಂದು ಸುಂದರವಾಗಿದ್ದವು. ಎಲ್ಲವೂ ಒಳಗಿನವರೆಗೆ ಕಟ್ಟಿಗೆ. ಇಡೀ ಊರು ದೋಣಿಗಳಲ್ಲಿ ಕೂತು ನಾನು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಹಾಯುವುದನ್ನು ನೋಡಿತು.

“ಸಾಹೇಬ್ರ,” ಎಂದು ಕೆಳಗಿನಿಂದ ಹಸೀನಾಬಿ ಕೂಗಿದಳು. ಮರುಕದ ಹೆಂಗಸು, ಏನಾದರೂ ಒಳ್ಳೆಯದನ್ನು ಹೇಳಬೇಕೆಂದಿದ್ದಳು. “ಪೇಂಟ್ ಮಾತ್ರ ಭಾಳ ಚಲೋ ಬಂದೈತ್ರಿ!”

ನಾನು ಏಣಿ ಇಳಿದು ಬರುವಷ್ಟರಲ್ಲಿ ನೀಲವ್ವ ಅಲ್ಲಿರಲಿಲ್ಲ. ಗಂಟು ಎತ್ತಿಕೊಂಡು ಹಿಂಭಾಗಕ್ಕೆ ನಡೆದಿದ್ದಳು. ಅಲ್ಲಿ ಚುಕ್ಕಾಣಿ ಕೋಣೆಯ ಕೆಳಗಿನ ಮಹಡಿಗಳ ಕಿಟಕಿಗಳೂ ಬಣ್ಣದವೇ. ಅವನ್ನು ಮುಟ್ಟಿಯೂ ನೋಡದೆ ಹೊರಗಿನ ಮೆಟ್ಟಿಲು ಹತ್ತುತ್ತಿದ್ದಳು. ಮೆಟ್ಟಿಲಿಗೊಮ್ಮೆ ನಿಂತು ಮೊಣಕಾಲು ಒತ್ತಿಕೊಂಡು, ಮತ್ತೆ ಮೇಲಕ್ಕೆ. ನಾನು ಹಿಂದೆಯೇ ಏದುಸಿರು ಬಿಡುತ್ತ ಹತ್ತಿದೆ.

“ಅದಲ್ಲ ನೀಲಾ, ಅದು... ಅದು ಹಡಗು ನಡಸಾಕಿರೂದು.”

“ಎಲ್ಲಿಗ್ರಿ?” ಎಂದಳು ತಿರುಗದೆ.

ತುದಿಗೆ ತಲುಪಿ ಅಂಗೈಯಿಂದ ಒತ್ತಿದಳು. ಬಾಗಿಲು ತೆರೆಯಿತು. ಕೀಲು ಸದ್ದು ಮಾಡಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ಕುರ್ಚಿ ನೋಡಿದಳು, ತಾನೇ ಹೊಲಿದ ದಿಂಬು ನೋಡಿದಳು, ಕಿಟಕಿಯಾಚೆ ಹರಡಿದ ಕೆರೆ, ಹಡಗುಗಳು, ದಂಡೆ, ಎಲ್ಲ ನೋಡಿದಳು. ಕೊನೆಗೆ ಗೋಡೆಯ ಪುಸ್ತಕದ ಗೂಡಿನ ಹತ್ತಿರ ಅವಳ ಕಣ್ಣು ನಿಂತಿತು.

“ಈ ಗೂಡು ನಕ್ಷಾದಾಗ ಇತ್ತೇನ್ರಿ?”

ಇರಲಿಲ್ಲ. ಅದನ್ನು ನನಗೆಂದು ನಾನೇ ಸೇರಿಸಿದ್ದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಊರು ಚದುರಿತು. ನಾನು ಡೆಕ್ಕಿನ ಉದ್ದಕ್ಕೂ ನಡೆದೆ, ವಾಪಸು ನಡೆದೆ. ಊರಿನ ಅತಿ ದೊಡ್ಡ ಮನೆಯ ಯಜಮಾನನಿಗೆ ತಲೆ ಇಡಲು ನೆರಳಿತ್ತೇ ಹೊರತು ಜಾಗವಿರಲಿಲ್ಲ. ಮಧ್ಯಾಹ್ನಕ್ಕೆ ಹಸಿವಾಯಿತು. ರೊಟ್ಟಿ ಗಂಟಿನಲ್ಲಿತ್ತು, ಗಂಟು ಒಳಗಿತ್ತು. ಅಂದಾನೆಪ್ಪ ಕೆಳಗಿನಿಂದ ಕರೆದ: “ಬಾರೋ ಇಲ್ಲಿ, ಒಂದು ಮಗ್ಗಲಾದರೂ ನಮ್ಮ ಕಿಡಕಿ ತಗೀತಾವ!” ಹೋಗಬಹುದಿತ್ತು. ಹೋಗಲಿಲ್ಲ. ಬಿಸಿಲು ಇಳಿಯುವವರೆಗೆ ನವಿಲುಗರಿ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದು, ಆಮೇಲೆ ಮೆಟ್ಟಿಲು ಹತ್ತಿದೆ.

ಬಾಗಿಲಿನ ಮುಂದೆ ನಿಂತಾಗ ಒಂದು ಸಂಗತಿ ತಿಳಿಯಿತು: ನನಗೆ ಬಾಗಿಲು ಬಡಿಯಲು ಬರುವುದಿಲ್ಲ. ಬಾಗಿಲಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವನು. ಎಷ್ಟು ಸಲ, ಅಂಗೈಯಿಂದಲೋ ಗೆಣ್ಣಿನಿಂದಲೋ, ಕೆಮ್ಮಬೇಕೋ ಬೇಡವೋ, ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬೆಕ್ಕು ಕೆರೆದಂತೆ ಕೆರೆದೆ. ಸಾಲದೆನಿಸಿ ಬಡಿದೆ.

“ಯಾರದು?” ಎಂದಳು ನೀಲವ್ವ ಒಳಗಿನಿಂದ.

ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಅವಕಾಶವನ್ನು ನಾನು ಕೊಟ್ಟಿರಲಿಲ್ಲ. ಅವಳು ತಲೆಯೆತ್ತುವ ಮೊದಲೇ ನಾನು ಎದುರಿಗಿರುತ್ತಿದ್ದೆ.

“ನಾನು,” ಎಂದೆ.

“ನಾನಂದ್ರ ಯಾರು?”

ವಾಚನಾಲಯದ ಮೇಲ್ವಿಚಾರಕ ಎನ್ನಬಹುದಿತ್ತು. ಈ ಹಡಗನ್ನು ಮಾಡಿದವನು ಎನ್ನಬಹುದಿತ್ತು. ಎರಡೂ ಬಾಗಿಲು ತೆಗೆಸುವಂಥ ಮಾತುಗಳೆನಿಸಲಿಲ್ಲ. “ಸಂಗನಬಸಪ್ಪ,” ಎಂದೆ.

“ಏನಾಗಬೇಕಿತ್ರಿ?”

“ಒಳಗ ಬರಬೇಕಿತ್ತು. ನೀ ಹೂಂ ಅಂದ್ರ.”

ಒಳಗೆ ಕುರ್ಚಿ ಸರಿದ ಸದ್ದೋ, ದಿಂಬು ಅಲುಗಿದ ಸದ್ದೋ, ತಿಳಿಯಲಿಲ್ಲ. ಅವಳು ಏನು ಮಾಡುತ್ತಿದ್ದಳೆಂದು ನನಗೆ ಕಾಣುತ್ತಿರಲಿಲ್ಲ, ಸುಮ್ಮನೆ ಕೂತಿರಬೇಕು.

“ತಡೀರಿ,” ಎಂದಳು. “ಇನ್ನೊಂದು ಸ್ವಲ್ಪ ಹೊತ್ತು.”

ತಡೆದೆ. ಕೀಲಿನ ಹತ್ತಿರ ಕಣ್ಣಿಟ್ಟು ನೋಡಿದೆ, ಹೊಸ್ತಿಲಿಗೆ ಬಗ್ಗಿ ನೋಡಿದೆ. ಇಣುಕಲು ಎಲ್ಲೂ ಒಂದು ಸಂದಿಯಿರಲಿಲ್ಲ. ಇಷ್ಟೆಲ್ಲ ಆದಮೇಲೂ ನಾಚಿಕೆಯಿಲ್ಲದೆ ನನಗೆ ಹೆಮ್ಮೆಯೆನಿಸಿತು: ನಾನು ಮಾಡಿದ ಬಾಗಿಲುಗಳಲ್ಲಿ ಒಂದಾದರೂ ಪಕ್ಕಾ ಆಗಿತ್ತು.